ತವರಿನಿಂದ 18 ಮೈಲಿ

ನಾವು ಟೆಕ್ಸಾಸಿನ ಫ್ರಿಸ್ಕೋಗೆ ಬಂದ ಎರಡನೇ ವಾರ. 2021ರ ಜುಲೈ. ಎದುರುಮನೆಯವರು ಹಿತ್ತಲಲ್ಲಿ ಬಾರ್ಬೆಕ್ಯೂ ಇಟ್ಟುಕೊಂಡು ನಮ್ಮನ್ನೂ ಕರೆದಿದ್ದರು. ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತರ ಹತ್ತಿರ. ನಾವು ಮಾಂಸ ತಿನ್ನಲ್ಲ ಅಂತ ಗೊತ್ತಾದ ಮೇಲೆ ಅಜ್ಜ ಬೇರೆ ಮೂಲೆಯಲ್ಲಿ ಮುಸುಕಿನ ಜೋಳ ಸುಟ್ಟು, ಬೆಣ್ಣೆ ಸವರಿ ಕೊಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು "ಎಲ್ಲಿಂದ ಬಂದಿರಿ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ವರ್ಷಗಳಿಂದ ರೆಡಿ ಉತ್ತರ ಇದೆ. ಇಂಡಿಯಾ, ಬೆಂಗಳೂರು ಕೇಳಿದ್ದೀರಲ್ಲ, ಅದರ ಹತ್ತಿರ. (ಅರಸೀಕೆರೆ ಅನ್ನುವ ಧೈರ್ಯ ನಾನು ಬೆಂಗಳೂರಲ್ಲೇ ಮಾಡಿದವಳಲ್ಲ.) ಅಜ್ಜ ಕೈ ಅಲ್ಲಾಡಿಸಿದರು. "ಅದಲ್ಲ ಮ್ಯಾಮ್, ಈಗ ಎಲ್ಲಿಂದ ಬಂದಿರಿ?" ಕ್ಯಾಲಿಫೋರ್ನಿಯಾ, ಫ್ರೀಮಾಂಟ್ ಅಂದೆ. ಅವರ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. "ಓ! ನೀವೂ ಕ್ಯಾಲಿಫೋರ್ನಿಯಾದವರಾ!"

ತಮಾಷೆಗೇ ಅಂದದ್ದು. ನಾವೆಲ್ಲ ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಫ್ರೀಮಾಂಟಿನಲ್ಲಿ ನಾನು ಇದ್ದದ್ದು 11 ವರ್ಷ. ಆ 11 ವರ್ಷದಲ್ಲಿ ಒಬ್ಬರೂ ನನ್ನನ್ನು ಕ್ಯಾಲಿಫೋರ್ನಿಯಾದವಳು ಅಂದಿರಲಿಲ್ಲ. ಅಲ್ಲಿ ನಾನು ಇಂಡಿಯಾದವಳು. ಇಂಡಿಯಾದವರ ನಡುವೆ ಕನ್ನಡದವಳು. ಕನ್ನಡದವರ ನಡುವೆ "ಹಾಸನದ ಕಡೆಯವರಾ, ನಮ್ಮತ್ತೆ ಊರು ಅಲ್ಲೇ" ಅನ್ನಿಸಿಕೊಂಡವಳು. ಆ ರಾಜ್ಯ ಬಿಟ್ಟು ಬಂದ ಮೇಲೆ ನಾನು ಅಲ್ಲಿಯವಳಾದೆ!

ಊರಿನ ಹೆಸರಿನಲ್ಲೂ ಒಂದು ತಮಾಷೆ ಇದೆ. ಫ್ರಿಸ್ಕೋ ಅನ್ನುವ ಹೆಸರು ಬಂದದ್ದು ಸೇಂಟ್ ಲೂಯಿಸ್-ಸ್ಯಾನ್ ಫ್ರಾನ್ಸಿಸ್ಕೋ ರೈಲು ಕಂಪನಿಯಿಂದ. ಆ ಕಂಪನಿಯ ಹಳಿ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಯಾವತ್ತೂ ಹೋಗಲೇ ಇಲ್ಲ. ಹೆಸರು ಮಾತ್ರ ಇಲ್ಲಿ ಇಳಿದುಕೊಂಡಿತು. 1990ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು 6 ಸಾವಿರ. 2020ರ ಜನಗಣತಿಯಲ್ಲಿ 2 ಲಕ್ಷ ದಾಟಿತ್ತು. ಈಗ ಇಲ್ಲಿ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಇದೆ, ಶನಿವಾರ ಹೋದರೆ ಕಾರು ನಿಲ್ಲಿಸಲು ಜಾಗ ಸಿಗಲ್ಲ. ಅಜ್ಜ ಹುಟ್ಟಿದ್ದು ಇಲ್ಲಿಂದ ಸ್ವಲ್ಪ ದೂರದ ಮೆಕಿನ್ನಿಯಲ್ಲಿ. ಪ್ರೆಸ್ಟನ್ ರಸ್ತೆಯಲ್ಲಿ ಎರಡೇ ಲೇನ್ ಇದ್ದದ್ದು, ಎರಡೂ ಕಡೆ ಹತ್ತಿ ಹೊಲ ಇದ್ದದ್ದು ಅವರಿಗೆ ನೆನಪಿದೆ. ಅವರಿಗೆ ಮುಖ ಹುಳಿ ಮಾಡಿಕೊಳ್ಳುವ ಹಕ್ಕು ಇದೆ ಅಂತಲೇ ನನಗೆ ಅನ್ನಿಸಿತು.

ಟ್ರಕ್ಕಿನ ಬಾಡಿಗೆ

ಜನ ಯಾವ ಕಡೆ ಹೋಗುತ್ತಿದ್ದಾರೆ ಅಂತ ನನಗೆ ಮೊದಲು ತಿಳಿದದ್ದು ಪೇಪರಿನಿಂದ ಅಲ್ಲ, ಟ್ರಕ್ ಬಾಡಿಗೆಯಿಂದ. (ಇಲ್ಲಿ ಮನೆ ಸಾಮಾನು ತುಂಬಿ ನಾವೇ ಓಡಿಸಿಕೊಂಡು ಹೋಗಿ, ಹೋದ ಊರಲ್ಲೇ ಟ್ರಕ್ ಬಿಡುವುದು.) ಫ್ರೀಮಾಂಟಿನಿಂದ ಡಲ್ಲಾಸಿಗೆ ಒಂದು ದೊಡ್ಡ ಟ್ರಕ್ಕಿಗೆ 4 ಸಾವಿರ ಡಾಲರಿನ ಹತ್ತಿರ ಕೇಳಿದರು. ಇದೇನಪ್ಪ ಇಷ್ಟೊಂದು ಅಂತ ಸುಮ್ನೆ ಊರುಗಳನ್ನು ಅದಲು ಬದಲು ಮಾಡಿ ನೋಡಿದೆ. ಡಲ್ಲಾಸಿನಿಂದ ಫ್ರೀಮಾಂಟಿಗೆ ಅದೇ ಟ್ರಕ್ಕು, ಅದೇ ದಿನ: ಒಂದೂವರೆ ಸಾವಿರ. ನನ್ನ ಗಂಡ ಪಕ್ಕದಲ್ಲಿ ಇಣುಕಿ "ತಪ್ಪು ಒತ್ತಿದ್ದೀಯ ನೋಡು" ಅಂದರು. ತಪ್ಪೇನೂ ಇರಲಿಲ್ಲ. ತುಂಬಿಕೊಂಡು ಹೋದ ಟ್ರಕ್ಕುಗಳು ಟೆಕ್ಸಾಸಿನಲ್ಲೇ ನಿಂತುಬಿಡುತ್ತವೆ, ವಾಪಸ್ ತರುವವರಿಲ್ಲ. ದೀಪಾವಳಿ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ನಿಂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಹೋಗುವ ಬಸ್ಸಿಗೆ ನೂಕುನುಗ್ಗಲು, ಬರುವ ಬಸ್ಸು ಖಾಲಿ.

2021ರಲ್ಲಿ, ಮತ್ತೆ 2022ರಲ್ಲಿ, ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸಿಗೆ ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಆ ಕಡೆ ಹೋದವರು ಅದರ ಅರ್ಧವೂ ಇಲ್ಲ. 2020ರ ಜನಗಣತಿ ಆದ ಮೇಲೆ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಸಲ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿಯ ಸಂಸತ್ತಿನಲ್ಲಿ, ಒಂದು ಸೀಟು ಕಳೆದುಕೊಂಡಿತು, 53 ಇದ್ದದ್ದು 52 ಆಯಿತು. ಟೆಕ್ಸಾಸಿಗೆ ಎರಡು ಜಾಸ್ತಿ ಸಿಕ್ಕಿತು. ಕಾರಣ ಕೇಳಿದರೆ ಎಲ್ಲರೂ ಮನೆ ಬೆಲೆ ಅನ್ನುತ್ತಾರೆ, ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅನ್ನುತ್ತಾರೆ. ನಿಜವೇ. ಆದರೆ ಮನೆ ಬೆಲೆ ಎಲ್ಲರನ್ನೂ ಒಂದೇ ಥರ ನೂಕುವುದಿಲ್ಲ. ಅದನ್ನು ನಾನು ಫ್ರೀಮಾಂಟಿನ ನಮ್ಮ ಪಕ್ಕದ ಮನೆಯ ಅಜ್ಜಿಯಿಂದ ಕಲಿತೆ.

ಆಕೆ ಒಬ್ಬರೇ ನಾಲ್ಕು ರೂಮಿನ ಮನೆಯಲ್ಲಿದ್ದರು. ಎಪ್ಪತ್ತರ ದಶಕದಲ್ಲಿ ಕೊಂಡ ಮನೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರೊಪೊಸಿಷನ್ 13 ಅನ್ನುವ ಕಾನೂನಿಗೆ ಓಟು ಹಾಕಿದರು. ಮನೆ ತೆರಿಗೆ ಹಾಕುವುದು ಕೊಂಡಾಗಿನ ಬೆಲೆಯ ಮೇಲೆ, ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ 2ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಹಾಗಾಗಿ ಅಜ್ಜಿ ಕಟ್ಟುತ್ತಿದ್ದ ತೆರಿಗೆ ತೀರಾ ಕಡಿಮೆ. ನಾವಿದ್ದದ್ದು ಅದೇ ಬೀದಿಯ ಬಾಡಿಗೆ ಮನೆ. ಅಂಥದ್ದೇ ಮನೆ ಕೊಂಡರೆ ಅವರ ಎಷ್ಟೋ ಪಟ್ಟು ತೆರಿಗೆ ನಮಗೆ ಬೀಳುತ್ತಿತ್ತು. ಒಂದು ಸಲ ಕಾಫಿಗೆ ಕರೆದಾಗ ಅಂದರು: "ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಆದರೆ ಇದನ್ನು ಮಾರಿ ಚಿಕ್ಕ ಮನೆ ತಗೊಳ್ಳಲಿ ಅಂದರೆ ಲೆಕ್ಕ ಕೂಡಲ್ಲ." ಒಂದೇ ಕಾನೂನು, ಮೊದಲೇ ಬಂದು ಕೂತವರ ಕಾಲು ಕಟ್ಟಿಹಾಕಿತು, ಆಮೇಲೆ ಬಂದ ನಮ್ಮನ್ನು ಆಚೆ ತಳ್ಳಿತು. ಆಕೆಯ ಮಗ ಕೂಡ ಆ ಬೀದಿಯಲ್ಲಿ ಮನೆ ಕೊಳ್ಳಲಾಗದೆ ಬೇರೆ ರಾಜ್ಯಕ್ಕೆ ಹೋಗಿದ್ದ.

ಇಬ್ಬರ ಲೆಕ್ಕ

ಇಲ್ಲಿಗೆ ಬಂದ ಮೇಲೆ ನನಗೆ ಈ ಅಂಕಿಗಳ ಹುಚ್ಚು ಹತ್ತಿತು. ಅಮೆರಿಕದ ಜನಗಣತಿ ಇಲಾಖೆ ಪ್ರತಿ ವರ್ಷ ಒಂದು ಸಮೀಕ್ಷೆ ಮಾಡುತ್ತದೆ. ಎಲ್ಲಿ ಹುಟ್ಟಿದಿರಿ, ಒಂದು ವರ್ಷದ ಹಿಂದೆ ಎಲ್ಲಿದ್ದಿರಿ ಅಂತ ಅದರಲ್ಲಿ ಕೇಳುತ್ತಾರೆ. ಈ ಎರಡು ಪ್ರಶ್ನೆಗಳಲ್ಲಿ ಇಡೀ ದೇಶದ ಓಡಾಟ ಅಡಗಿದೆ. ಆದರೆ ಓದುವಾಗ ಎಡವಟ್ಟಾಗುವುದು ಸುಲಭ. "ಈ ರಾಜ್ಯದಲ್ಲಿ ಇರುವವರಲ್ಲಿ ಎಷ್ಟು ಜನ ಇಲ್ಲೇ ಹುಟ್ಟಿದವರು" ಅನ್ನುವುದು ಒಂದು ಲೆಕ್ಕ. "ಇಲ್ಲಿ ಹುಟ್ಟಿದವರಲ್ಲಿ ಎಷ್ಟು ಜನ ಇಲ್ಲೇ ಉಳಿದರು" ಅನ್ನುವುದು ಬೇರೆಯೇ ಲೆಕ್ಕ. ನಾನು ಮೊದಮೊದಲು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಲೂಸಿಯಾನಾ ನೋಡಿ. ಅಲ್ಲಿರುವ ನೂರು ಜನರಲ್ಲಿ 75ಕ್ಕಿಂತ ಜಾಸ್ತಿ ಅಲ್ಲೇ ಹುಟ್ಟಿದವರು. ಆಹಾ, ಊರಿನ ಮೇಲೆ ಎಷ್ಟು ಪ್ರೀತಿ ಅನ್ನಿಸುತ್ತದೆ. ಪ್ರೀತಿ ಇರಬಹುದು. ಆದರೆ ಆ ಅಂಕಿ ದೊಡ್ಡದಾಗಿ ಕಾಣುವುದಕ್ಕೆ ಮುಖ್ಯ ಕಾರಣ ಹೊರಗಿನಿಂದ ಬರುವವರು ಕಡಿಮೆ ಇರುವುದು. ನೆವಾಡಾದ್ದು ಇನ್ನೊಂದು ತುದಿ. ಅಲ್ಲಿರುವ ನಾಲ್ವರಲ್ಲಿ ಅಲ್ಲೇ ಹುಟ್ಟಿದವರು ಒಬ್ಬರ ಆಸುಪಾಸು. ಟೆಕ್ಸಾಸು ಮಾತ್ರ ಎರಡು ಕಡೆಯೂ ಗೆಲ್ಲುವ ಕೇಸು. ಬರುವವರೂ ಬರುತ್ತಾರೆ, ಹುಟ್ಟಿದವರೂ ಕದಲುವುದಿಲ್ಲ. ಡಲ್ಲಾಸಿನ ಫೆಡರಲ್ ರಿಸರ್ವ್ ಬ್ಯಾಂಕಿನವರು 2021ರ ಅಂಕಿ ಹಿಡಿದು ಲೆಕ್ಕ ಹಾಕಿದಾಗ ಟೆಕ್ಸಾಸಿನಲ್ಲಿ ಹುಟ್ಟಿದ ನೂರಕ್ಕೆ 82 ಜನ ಟೆಕ್ಸಾಸಿನಲ್ಲೇ ಇದ್ದರು. ದೇಶದಲ್ಲೇ ಮೊದಲ ಸ್ಥಾನ. ಕೊನೆಯಲ್ಲಿದ್ದದ್ದು ವಯೋಮಿಂಗ್, ಅಲ್ಲಿ ಅರ್ಧಕ್ಕಿಂತ ಕಡಿಮೆ.

ಇದನ್ನು ಅಜ್ಜನಿಗೆ ಹೇಳಿದಾಗ ಎದೆ ಉಬ್ಬಿಸಿ "ನೋಡಿದಿರಾ" ಅಂದರು. ನನಗೆ ಸುಮ್ಮನಿರಲಾಗಲಿಲ್ಲ. ಇದರಲ್ಲಿ ಗಾತ್ರದ್ದೂ ಒಂದು ಮೋಸ ಇದೆ ಅಂದೆ. ಡಲ್ಲಾಸಿನ ಹುಡುಗನಿಗೆ ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕರೆ 240 ಮೈಲಿ ಹೋಗುತ್ತಾನೆ, ಆದರೂ ಅವನು ಟೆಕ್ಸಾಸು ಬಿಟ್ಟ ಹಾಗಲ್ಲ. ರೋಡ್ ಐಲೆಂಡಿನ ಹುಡುಗಿ ಅರ್ಧ ಗಂಟೆ ಕಾರು ಓಡಿಸಿದರೆ ರಾಜ್ಯ ಬಿಟ್ಟವಳ ಪಟ್ಟಿಗೆ ಸೇರುತ್ತಾಳೆ. ಕಲಬುರಗಿಯಿಂದ ಬೆಂಗಳೂರಿಗೆ ಬಂದವರನ್ನು ನಾವು ಕರ್ನಾಟಕ ಬಿಟ್ಟವರು ಅಂತೀವಾ? ಅಜ್ಜ ಸ್ವಲ್ಪ ಯೋಚಿಸಿ "ಅದೇ ಹೇಳಿದ್ದು ನಾನು. ಇಷ್ಟು ದೊಡ್ಡ ರಾಜ್ಯ ಇರುವಾಗ ಯಾಕೆ ಬಿಟ್ಟು ಹೋಗಬೇಕು?" ಅಂದರು. ಅವರ ಹತ್ತಿರ ವಾದ ಮಾಡಿ ಗೆಲ್ಲಲು ಆಗಲ್ಲ.

ಆದರೆ ಅವರೇ ಇನ್ನೊಂದು ದಿನ ಹೇಳಿದ ಕಥೆ ಬೇರೆ. ಅವರ ಅಜ್ಜಿಯ ತಮ್ಮ 1930ರ ದಶಕದ ಬರಗಾಲದಲ್ಲಿ ಹೊಲ ಬಿಟ್ಟು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿಗೆ ಹತ್ತಿ ಬಿಡಿಸಲು ಹೋದರಂತೆ. ಆಗ ಟ್ರಕ್ಕು ಓಡುತ್ತಿದ್ದದ್ದು ಆ ಕಡೆಗೆ. ಒಕ್ಲಹೋಮಾ, ಟೆಕ್ಸಾಸು, ಅರ್ಕನ್ಸಾಸಿನಿಂದ ಬಂದ ಬಡವರನ್ನೆಲ್ಲ ಕ್ಯಾಲಿಫೋರ್ನಿಯಾದವರು "ಓಕಿ" ಅಂತ ಒಂದೇ ಹೆಸರಿನಿಂದ ಹೀಯಾಳಿಸುತ್ತಿದ್ದರು. 1936ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ಕ್ಯಾಲಿಫೋರ್ನಿಯಾದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸಿದರು. ನಮ್ಮೂರಿನ ಪೊಲೀಸರು ಹೋಗಿ ರಾಜ್ಯದ ಗಡಿಯಲ್ಲಿ ನಿಂತ ಹಾಗೆ. ಬಡವರನ್ನು ರಾಜ್ಯದೊಳಗೆ ಕರೆತಂದರೆ ಅಪರಾಧ ಅನ್ನುವ ಕಾನೂನೂ ಅಲ್ಲಿತ್ತು. ಅಲ್ಲಿಯ ಮೇರಿಸ್ವಿಲ್ಲಿನಲ್ಲಿದ್ದ ಎಡ್ವರ್ಡ್ಸ್ ಅನ್ನುವವನು ಟೆಕ್ಸಾಸಿನ ಸ್ಪರ್ ಅನ್ನುವ ಊರಿಗೆ ಹೋಗಿ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಅಷ್ಟಕ್ಕೇ ಶಿಕ್ಷೆ ಆಯಿತು. 1941ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ನಾನು, ಅಜ್ಜ, ಟ್ರಕ್ಕು, ಎಲ್ಲರೂ ಇವತ್ತು ಅಡ್ಡಿಯಿಲ್ಲದೆ ಗಡಿ ದಾಟುತ್ತಿದ್ದರೆ ಅದರಲ್ಲಿ ಆ ಭಾವಮೈದುನನ ಪಾಲೂ ಇದೆ.

ಹಗ್ಗದ ಉದ್ದ

ಅಮೆರಿಕದವರು ಸದಾ ಊರು ಬದಲಾಯಿಸುವವರು ಅಂತ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಅದು ಹಳೆಯ ಮಾತು. 1950ರ ದಶಕದಲ್ಲಿ ವರ್ಷಕ್ಕೆ ಐವರಲ್ಲಿ ಒಬ್ಬರು ಮನೆ ಬದಲಾಯಿಸುತ್ತಿದ್ದರು. ಈಗ ಹತ್ತರಲ್ಲಿ ಒಬ್ಬರೂ ಇಲ್ಲ. ಅದರಲ್ಲೂ ಹೆಚ್ಚಿನವರು ಅದೇ ಕೌಂಟಿಯೊಳಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಆ ಬೀದಿಯಿಂದ ಈ ಬೀದಿಗೆ ಹೋದವರು. ಹಾಗಾದರೆ ಕೆಲಸ ಇಲ್ಲದ ಕಡೆಯಿಂದ ಕೆಲಸ ಇರುವ ಕಡೆಗೆ ಹೋಗುವವರು ಯಾರು?

2022ರ ವಸಂತದಲ್ಲಿ ನಮ್ಮ ಬೀದಿಗೆ ಆಲಿಕಲ್ಲು ಮಳೆ ಬಿತ್ತು. ನಿಂಬೆಹಣ್ಣಿನ ಗಾತ್ರದ ಕಲ್ಲು. ಮಾರನೇ ವಾರದಿಂದ ಎಲ್ಲರ ಚಾವಣಿ ಮೇಲೂ ಜನ. ನಮ್ಮ ಮನೆಯ ಶಿಂಗಲ್ಸ್ ಬದಲಾಯಿಸಿದ ತಂಡದ ಮೇಸ್ತ್ರಿ ಮೆಕ್ಸಿಕೋದವನು. ಮಧ್ಯಾಹ್ನ ನೆರಳಲ್ಲಿ ಕೂತಾಗ ಮಜ್ಜಿಗೆ ಕೊಟ್ಟೆ. ಉಪ್ಪು, ಇಂಗು, ಹಸಿಮೆಣಸಿನಕಾಯಿ ಹಾಕಿದ್ದು. ಎರಡು ಲೋಟ ಕುಡಿದ. ಮೊದಲು ಫೀನಿಕ್ಸಿನಲ್ಲಿ ಇದ್ದನಂತೆ. 2008ರಲ್ಲಿ ಅಲ್ಲಿ ಮನೆ ಕಟ್ಟುವುದು ನಿಂತೇಹೋಯಿತು. ಅದೇ ವರ್ಷದ ಶುರುವಿನಲ್ಲಿ ಅರಿಜೋನಾ ಕೆಲಸಗಾರರ ಕಾಗದಪತ್ರ ಪರೀಕ್ಷೆ ಬಿಗಿ ಮಾಡುವ ಕಾನೂನನ್ನೂ ತಂದಿತ್ತು. ಕಸಿನ್ ಒಬ್ಬ ಡಲ್ಲಾಸಿನಲ್ಲಿದ್ದ. ಒಂದು ಫೋನು, ಒಂದು ವಾರ, ಇಲ್ಲಿದ್ದ. "ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯವರು?" ಅಂತ ಕೇಳಿದೆ. "ಅವರಿಗೆ ಅಲ್ಲಿ ಅಮ್ಮ ಇದ್ದಾಳಲ್ಲ" ಅಂದ, ಅದೊಂದು ಕೇಳುವ ಪ್ರಶ್ನೆಯೇ ಅನ್ನುವ ಹಾಗೆ. ಆ ವರ್ಷಗಳ ಬಗ್ಗೆ ಅರ್ಥಶಾಸ್ತ್ರದವರು ಬರೆದದ್ದನ್ನು ಆಮೇಲೆ ಓದಿದೆ. ಮೆಕ್ಸಿಕೋದಲ್ಲಿ ಹುಟ್ಟಿದ ಕೆಲಸಗಾರರು ಕೆಲಸ ಹೋದ ಊರು ಬಿಟ್ಟು ಕೆಲಸ ಇದ್ದ ಊರಿಗೆ ಹೋದರು. ಅಂಥದ್ದೇ ಕೆಲಸ ಮಾಡುತ್ತಿದ್ದ ಇಲ್ಲಿ ಹುಟ್ಟಿದವರು ಅಷ್ಟಾಗಿ ಕದಲಲಿಲ್ಲ. ಬಂದವರು ಹೋದದ್ದರಿಂದ ಉಳಿದವರ ಮೇಲಿನ ಏಟು ಸ್ವಲ್ಪ ಕಡಿಮೆ ಆಯಿತು. ಮೇಸ್ತ್ರಿ ಒಂದೇ ಸಾಲಿನಲ್ಲಿ ಹೇಳಿದ್ದ.

ನಮ್ಮ ಥರದವರ ಕಥೆ ಇನ್ನೂ ಸಿಕ್ಕುಸಿಕ್ಕು. ಹತ್ತಿರದಲ್ಲಿ ಅಮ್ಮ ಇಲ್ಲ, ಹಾಗಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ವೀಸಾದ ಹಗ್ಗ ಇದೆ. ಎಚ್-1ಬಿಯವರ ಕೆಲಸದ ಜಾಗ ಬೇರೆ ಊರಿಗೆ ಹೋದರೆ ಅರ್ಜಿ ತಿದ್ದಬೇಕು. ಗ್ರೀನ್ ಕಾರ್ಡಿಗೆ ಕಂಪನಿ ಮಾಡಿಸುವ ಲೇಬರ್ ಸರ್ಟಿಫಿಕೇಶನ್ನು ಇಂಥ ಊರಿನ ಇಂಥ ಕೆಲಸಕ್ಕೆ ಅಂತ ಇರುತ್ತದೆ. ಕಂಪನಿ ಫ್ರಿಸ್ಕೋ ಪಕ್ಕದ ಪ್ಲೇನೋದಲ್ಲಿ ಆಫೀಸು ತೆರೆದು ನನ್ನ ಗಂಡನನ್ನು ಕಳಿಸಿದಾಗ ಆ ಕಾಗದದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಕ್ಯೂನಲ್ಲಿ ನಮ್ಮ ದಿನಾಂಕ ಮಾತ್ರ ಹಾಗೇ ಉಳಿಯಿತು, ಅಷ್ಟೇ ಪುಣ್ಯ. ಹಗ್ಗದ ಉದ್ದದಷ್ಟೇ ಮೇಯುವುದು. ನಮ್ಮ ಹಗ್ಗ ಕಂಪನಿಯ ಕೈಯಲ್ಲಿದೆ. ಕಂಪನಿ ಹೋದ ಕಡೆ ನಾವು ಹೋಗುತ್ತೇವೆ, ಆಮೇಲೆ "ಟೆಕ್ಸಾಸಿಗೆ ಕ್ಯಾಲಿಫೋರ್ನಿಯಾದವರ ವಲಸೆ" ಅನ್ನುವ ಅಂಕಿಯಲ್ಲಿ ನಮ್ಮ ಮೂರು ತಲೆಯೂ ಸೇರುತ್ತದೆ.

ಬಾಣಂತನ

2022ರ ಅಕ್ಟೋಬರಿನಲ್ಲಿ ಅಜ್ಜನ ಮನೆ ಮುಂದೆ ಕೊಲರಾಡೋ ನಂಬರ್ ಪ್ಲೇಟಿನ ಕಾರು ಬಂದು ನಿಂತಿತು. ಮಗಳು ಡೆನ್ವರಿನಲ್ಲಿ ಆರು ವರ್ಷ ಇದ್ದವಳು. ಏಳು ತಿಂಗಳ ಬಸುರಿ. ಗಂಡನಿಗೆ ಮನೆಯಿಂದಲೇ ಕೆಲಸ, ಹಾಗಾಗಿ ಸಾಮಾನು ಸಮೇತ ಬಂದುಬಿಟ್ಟಿದ್ದರು. ನಾನೂ ಆಗ ತುಂಬಿದ ಬಸುರಿ. ಇಬ್ಬರೂ ಸಂಜೆ ಬೀದಿಯಲ್ಲಿ ನಿಧಾನಕ್ಕೆ ನಡೆಯುತ್ತಿದ್ದೆವು. ಡೆನ್ವರಿನಲ್ಲಿ ಕಾರುಗಳ ಹಿಂದೆ ಹಸಿರು ಬೆಟ್ಟದ ಚಿತ್ರ ಇರುವ ಸ್ಟಿಕರ್ ಅಂಟಿಸುತ್ತಾರಂತೆ. ಅದರ ಮೇಲೆ ಒಂದೇ ಪದ: ನೇಟಿವ್. ಅಂದರೆ ನಾನು ಇಲ್ಲೇ ಹುಟ್ಟಿದವನು, ನಿನ್ನ ಹಾಗೆ ಬಂದವನಲ್ಲ. "ಆರು ವರ್ಷ ಆ ಸ್ಟಿಕರ್ ಹಿಂದೆ ಸಿಗ್ನಲ್ಲಿನಲ್ಲಿ ನಿಂತೆ" ಅಂದಳು. "ಅಲ್ಲಿ ಟೆಕ್ಸಾಸಿನವರು ಅಂದರೆ ಮೂಗು ಮುರೀತಾರೆ." ಯಾಕೆ ವಾಪಸ್ ಬಂದೆ ಅಂದರೆ ಹೊಟ್ಟೆ ತೋರಿಸಿ "ಅಮ್ಮ ಬೇಕಲ್ಲ" ಅಂದಳು.

ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ ಅಂದೆ. ತವರು. ಅವಳಿಗೆ ಅದನ್ನು ವಿವರಿಸಲು ಒಂದು ಸುತ್ತು ನಡೆದೆವು. ಮದುವೆಯಾದ ಮೇಲೂ ನಿನ್ನದೇ ಆಗಿರುವ ಅಮ್ಮನ ಮನೆ, ಹೆರಿಗೆಗೆ ಹೋಗುವ ಮನೆ, ಬರುವಾಗ ಕೈಯಲ್ಲಿ ಏನಾದರೂ ಇಟ್ಟು ಕಳಿಸುವ ಮನೆ. ಅಮೆರಿಕದವರಿಗೆ ಅಂಥದ್ದೆಲ್ಲ ಇಲ್ಲ, ಹದಿನೆಂಟಕ್ಕೆ ಮನೆ ಬಿಡುತ್ತಾರೆ ಅಂತ ಊರಲ್ಲಿ ನಂಬಿದ್ದೆ. 2015ರಲ್ಲಿ ಇಲ್ಲಿಯ ಒಂದು ಸಮೀಕ್ಷೆಯ ಲೆಕ್ಕ ದೊಡ್ಡ ಸುದ್ದಿಯಾಗಿತ್ತು. ಅಮೆರಿಕದಲ್ಲಿ ಬೆಳೆದ ಮಕ್ಕಳು ಅಮ್ಮನಿಂದ ಇರುವ ದೂರ, ನಟ್ಟನಡುವಿನ ಅಂಕಿ (ಅರ್ಧ ಜನ ಅದಕ್ಕಿಂತ ಹತ್ತಿರ, ಅರ್ಧ ಜನ ದೂರ), ಬರೀ 18 ಮೈಲಿ. 29 ಕಿಲೋಮೀಟರ್. ತಿಪಟೂರಿನಿಂದ ಅರಸೀಕೆರೆಗೆ ಇರುವಷ್ಟು, ಹೆಚ್ಚುಕಮ್ಮಿ. ನನ್ನ ಅಮ್ಮ ಮದುವೆಯಾಗಿ ಬಂದದ್ದು ಅದೇ ದೂರ. (ನಮ್ಮ ಜನಗಣತಿ ಅದನ್ನೂ ವಲಸೆ ಅಂತಲೇ ಬರೆದುಕೊಳ್ಳುತ್ತದೆ. 2011ರ ಲೆಕ್ಕದಲ್ಲಿ ಭಾರತದ ಸುಮಾರು 45 ಕೋಟಿ ವಲಸಿಗರಲ್ಲಿ ಅತಿ ದೊಡ್ಡ ಗುಂಪು ಮದುವೆಯಾಗಿ ಊರು ಬಿಟ್ಟವರದ್ದು. ಇದನ್ನು ಹೇಳಿದರೆ ಅಮ್ಮ "ನಾನ್ಯಾವ ವಲಸೆ ಹೋದೆನೇ, ಸಂಜೆ ರೈಲಿಗೆ ತವರಿಗೆ ಹೋಗಿ ಬರ್ತಿದ್ದೆ" ಅಂತ ರೇಗಿದರು.)

ಡಲ್ಲಾಸಿನಿಂದ ಅರಸೀಕೆರೆಗೆ 9 ಸಾವಿರ ಮೈಲಿಗೂ ಜಾಸ್ತಿ. ಆ ವರ್ಷ ಭಾರತದಲ್ಲಿ ಅಮೆರಿಕದ ವಿಸಿಟರ್ ವೀಸಾ ಸಂದರ್ಶನಕ್ಕೆ ಒಂದು ವರ್ಷ ದಾಟಿ ಕಾಯಬೇಕಾಗಿತ್ತು. ಅಮ್ಮನಿಗೆ ಸಿಕ್ಕ ದಿನಾಂಕ ಬರುವಷ್ಟರಲ್ಲಿ ಮಗು ನಡೆಯುತ್ತಿರುತ್ತಿತ್ತು. ನವೆಂಬರಿನಲ್ಲಿ ಮಗ ಹುಟ್ಟಿದ. ಅಂಟಿನುಂಡೆ ಹೇಗೆ ಕಟ್ಟುವುದು ಅಂತ ಅಮ್ಮ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟರು, ನನ್ನ ಗಂಡ ಪಟೇಲ್ ಬ್ರದರ್ಸ್ ಅನ್ನುವ ಇಂಡಿಯನ್ ಅಂಗಡಿಯಿಂದ ಅಂಟು ತಂದು ಕಟ್ಟಿದರು. ಮೊದಲ ಸಲ ಪಾಕ ಗಟ್ಟಿಯಾಗಿ ಉಂಡೆ ಕಲ್ಲಾಯಿತು. ಎರಡನೇ ಸಲದ್ದರಲ್ಲಿ ಹತ್ತು ಉಂಡೆ ಎದುರುಮನೆಗೆ ಹೋಯಿತು. ಅಲ್ಲಿಂದ ಅಜ್ಜಿ ಒಂದು ದೊಡ್ಡ ಪಾತ್ರೆ ಬೀನ್ಸ್ ಸೂಪು ಮಾಡಿ, ಮಾಂಸ ಹಾಕಿಲ್ಲ ಅಂತ ಮೂರು ಸಲ ಹೇಳಿ ಕೊಟ್ಟರು. ಅಜ್ಜ ಮಗನ ಪುಟ್ಟ ಮುಷ್ಟಿ ಹಿಡಿದು "ಇವನು ನಮ್ಮವನು. ಇಲ್ಲೇ ಹುಟ್ಟಿದವನು" ಅಂದರು. ನನ್ನ ಐದು ವರ್ಷದ ಮಗಳು ಅಲ್ಲೇ ಇದ್ದಳು. "ನಾನು?" ಅಂದಳು. ಅವಳು ಫ್ರೀಮಾಂಟಿನ ಆಸ್ಪತ್ರೆಯಲ್ಲಿ ಹುಟ್ಟಿದವಳು. ಅಜ್ಜ ಗಂಭೀರವಾಗಿ "ನೀನು ಕ್ಯಾಲಿಫೋರ್ನಿಯಾದವಳು. ಆದರೂ ಪರವಾಗಿಲ್ಲ" ಅಂದರು. ಒಂದೇ ಮನೆಯಲ್ಲಿ ನಾಲ್ಕು ಜನ, ಜನಗಣತಿಯ ಮೂರು ಬೇರೆ ಬೇರೆ ಕಾಲಂ.

ಮನೆಗೆ ನೀರು

ಇಲ್ಲಿಯ ಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣಿನಂಥದ್ದು. ಕಪ್ಪು, ಅಂಟು, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಣ್ಣು ಕುಗ್ಗಿದರೆ ಮನೆಯ ಬುನಾದಿ ಅಲುಗುತ್ತದೆ, ಗೋಡೆ ಸೀಳುತ್ತದೆ. ಹಾಗಾಗಿ ಇಲ್ಲಿಯವರು ಗಿಡಕ್ಕೆ ಹಾಕುವ ಹಾಗೆ ಮನೆಗೂ ನೀರು ಹಾಕುತ್ತಾರೆ. ಸಣ್ಣ ಸಣ್ಣ ತೂತಿರುವ ಪೈಪನ್ನು ಗೋಡೆಯಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಎಳೆದು ರಾತ್ರಿ ಬಿಡುವುದು. ನಮಗೆ ಅದನ್ನು ಕಲಿಸಿದ್ದು ಅಜ್ಜ. ಮೊದಲ ಆಗಸ್ಟಿನಲ್ಲಿ ನಾನು ಪೈಪನ್ನು ಗೋಡೆಗೇ ಅಂಟಿಸಿ ಹಾಕಿದ್ದು ನೋಡಿ ರಸ್ತೆ ದಾಟಿ ಓಡಿ ಬಂದಿದ್ದರು.

ಕಳೆದ ವರ್ಷ ಅಜ್ಜನ ಮಗಳ ಗಂಡನ ಕಂಪನಿ ಎಲ್ಲರೂ ಆಫೀಸಿಗೆ ಬನ್ನಿ ಅಂತು. ಆಫೀಸು ಡೆನ್ವರಿನಲ್ಲಿ. ಜೂನಿನಲ್ಲಿ ಅವರು ಹೊರಟರು. ಎರಡು ತಿಂಗಳು ಎದುರುಮನೆ ತುಂಬಾ ಸದ್ದಿಲ್ಲದೆ ಇತ್ತು. ಆಗಸ್ಟಿನ ಒಂದು ಸಂಜೆ ಅಜ್ಜ ಬಂದು ಅಡುಗೆಮನೆಯ ಟೇಬಲ್ ಮುಂದೆ ಕೂತರು. ಮನೆ ಮಾರಾಟಕ್ಕೆ ಇಡುತ್ತಿದ್ದಾರಂತೆ. ಅಜ್ಜಿಗೆ ಮೊಮ್ಮಗಳನ್ನು ಬಿಟ್ಟು ಇರಲಾಗುತ್ತಿಲ್ಲ. "ಅವಳಿಗೆ ಮಾತ್ರಾನಾ?" ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಟ್ರಕ್ಕು ಬುಕ್ ಮಾಡುವುದು ಹೇಗೆ ಅಂತ ಕೇಳಲು ಬಂದಿದ್ದರು. "ನಮ್ಮಲ್ಲಿ ಯಾರಿಗೂ ಅಭ್ಯಾಸ ಇಲ್ಲ. ನಿಮಗೆ ಗೊತ್ತಿರುತ್ತೆ."

ಲ್ಯಾಪ್‌ಟಾಪ್ ತೆಗೆದು ಫ್ರಿಸ್ಕೋ, ಡೆನ್ವರ್ ಅಂತ ಹಾಕಿದೆ. ದುಡ್ಡು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಾನು ಅಭ್ಯಾಸಬಲದಿಂದ ಊರುಗಳನ್ನು ಅದಲು ಬದಲು ಮಾಡಿದೆ. "ಅದು ಬೇಡ" ಅಂದರು. "ವಾಪಸ್ ಬರೋದು ಎಷ್ಟು ಅಂತ ಈಗ ನೋಡೋದು ಬೇಡ."

ಹೋಗುವ ಹಿಂದಿನ ದಿನ ಅವರ ಮನೆ ಸುತ್ತಲಿದ್ದ ಪೈಪುಗಳನ್ನು ಸುತ್ತಿ ತಂದು ನಮ್ಮ ಗ್ಯಾರೇಜಿನಲ್ಲಿ ಇಟ್ಟರು. ಡೆನ್ವರಿನ ಮನೆಗೆ ಇದರ ಅಗತ್ಯ ಬೀಳುವುದಿಲ್ಲ ಅಂತ ಮಗಳು ಹೇಳಿದ್ದಳಂತೆ. ಹೊಸಬರು ಬಂದರೆ ನೀರಿನ ವಿಷಯ ಹೇಳಿ, ಒಂದು ಅಡಿ ದೂರ ಇರಬೇಕು ಅಂತ ಮರೀದೆ ಹೇಳಿ ಅಂದರು. ಕಳೆದ ವಾರ ಆ ಮನೆಗೆ ಒಂದು ಸಂಸಾರ ಬಂದಿದೆ. ಇಲಿನಾಯ್ ನಂಬರ್ ಪ್ಲೇಟು. ಪೈಪು ಹಿಡಿದುಕೊಂಡು ಎರಡು ಸಲ ರಸ್ತೆ ದಾಟಿದೆ, ಎರಡು ಸಲವೂ ಅವರು ಮನೆಯಲ್ಲಿರಲಿಲ್ಲ.